ಕೋಟೆಯಿಂದ ಬಯಲಿಗೆ

ಕುಷ್ಟಗಿ ತಾಲ್ಲೂಕಿನ ತಾವರಗೇರಾದಂಥ ಊರಿನಲ್ಲಿ ವರ್ಷಕ್ಕೆ ಎರಡು ಸಲ ಸ್ವಾತಂತ್ರ್ಯದ ಧ್ವಜ ಏರುತ್ತದೆ: ಆಗಸ್ಟ್ 15ರಂದು ಒಮ್ಮೆ, ಸೆಪ್ಟೆಂಬರ್ 17ರಂದು ಇನ್ನೊಮ್ಮೆ. ಹಳೆಯ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಉಪಾಧ್ಯಾಯರಿಗೆ ಮೊದಲ ವರ್ಷ ಇದು ಸೋಜಿಗವೆನಿಸುತ್ತದೆ. ದೇಶವೆಲ್ಲ 1947ರಲ್ಲಿ ಸ್ವತಂತ್ರವಾಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಈ ಸೀಮೆಗೆ ಅದೇ ಸ್ವಾತಂತ್ರ್ಯ ಹದಿಮೂರು ತಿಂಗಳು ತಡವಾಗಿ, 1948ರ ಸೆಪ್ಟೆಂಬರಿನಲ್ಲಿ ಬಂತು ಎಂದು ಊರಿನವರು ಅವರಿಗೆ ವಿವರಿಸಬೇಕಾಗುತ್ತದೆ. ಆ ವಿವರಣೆಯಲ್ಲಿ ಸರ್ದಾರ್ ಪಟೇಲರ ಹೆಸರು ಬರುತ್ತದೆ, ಭಾರತ ಸೇನೆಯ ಹೆಸರು ಬರುತ್ತದೆ. ಬರಬೇಕಾದದ್ದೇ. ಆದರೆ ಸೇನೆ ಬರುವ ಮುನ್ನ ಇಲ್ಲಿಯ ಜನ ಏನು ಮಾಡಿದರು, ಸೇನೆ ಬಂದುಹೋದ ಮೇಲೆ ಅದೇ ಜನ ಏನು ಮಾಡಿದರು ಎಂಬೆರಡು ಪ್ರಶ್ನೆಗಳು ಆ ಕಥನದ ಅಂಚಿಗೆ ಸರಿದುಬಿಡುತ್ತವೆ. ನನಗೆ ಅವೇ ಮುಖ್ಯವಾಗಿ ತೋರುತ್ತವೆ.

ಕಾರಣವಿದೆ. ಪ್ರಜಾಸತ್ತೆಯ ಬಗೆಗೆ ಬೇಸರದ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮೆರವಣಿಗೆ, ಧರಣಿ, ಬಂದ್ ಎಂದೊಡನೆ ನಮ್ಮ ಪಟ್ಟಣದ ವಿದ್ಯಾವಂತರು ಮುಖ ಸಿಂಡರಿಸುತ್ತಾರೆ. ಕೂಗಿದವರಿಗೆ ಕೂಲಿ ಕೊಟ್ಟು ತಂದಿರಬೇಕು, ಮುಂದಿನ ಚುನಾವಣೆಯ ಟಿಕೆಟ್ಟಿನ ಮೇಲೆ ಯಾರದೋ ಕಣ್ಣಿರಬೇಕು ಎನ್ನುತ್ತಾರೆ. ಈ ಬೇಸರ ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ. ಆದರೂ ಜನ ಬಯಲಿಗೆ ಬಂದು ಒಟ್ಟಾಗಿ ನಿಲ್ಲುವುದನ್ನೇ ಅಪರಾಧವೆಂದು ಎಣಿಸಿದ್ದ ಒಂದು ಆಳ್ವಿಕೆ ಇದೇ ನೆಲದ ಮೇಲೆ, ನಮ್ಮ ತಂದೆ ತಾಯಿಗಳ ಕಾಲದಲ್ಲಿ ಇತ್ತು. ಅದರ ಚರಿತ್ರೆಯನ್ನು ಬಲ್ಲವರಿಗೆ ಒಂದು ಮೆರವಣಿಗೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಇನ್ನೂ ಹಿಂದಿನಿಂದ ತೊಡಗೋಣ. ಪ್ರಜಾಸತ್ತೆಯ ಬೇರನ್ನು ಹುಡುಕಹೊರಟ ಕನ್ನಡಿಗರು ನೇರವಾಗಿ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಿ, ಅನುಭವ ಮಂಟಪವನ್ನು ಪಾರ್ಲಿಮೆಂಟಿಗೆ ಹೋಲಿಸುವುದು ವಾಡಿಕೆ. ಅದರ ಹಿಂದಿನ ಅಭಿಮಾನ ನನಗೂ ಇದೆ. ಅಷ್ಟು ದೊಡ್ಡ ಜಿಗಿತದ ಧೈರ್ಯ ಮಾತ್ರ ಇಲ್ಲ. ನನ್ನ ಹುಡುಕಾಟ ಕೊಪ್ಪಳದ ಕೋಟೆಯ ಹತ್ತಿರವೇ ನಿಲ್ಲುತ್ತದೆ. 1786ರಲ್ಲಿ ಟಿಪ್ಪು ಸುಲ್ತಾನನ ಕೈಸೇರಿ, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಗೊಂಡ ಈ ಕೋಟೆಯನ್ನು 1819ರಲ್ಲಿ ವೀರಪ್ಪನೆಂಬವನು ಹಿಡಿದು ಇಂಗ್ಲಿಷರನ್ನೂ ನಿಜಾಮನನ್ನೂ ಎದುರಿಸಿದ. ಸೇನೆ ಬಂತು, ಕೋಟೆ ಬಿತ್ತು. ಮತ್ತೆ 1858ರಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಅದೇ ಕೋಟೆಯನ್ನು ಹೊಕ್ಕರು. ಜೂನ್ ತಿಂಗಳು ಹುಟ್ಟುವ ಹೊತ್ತಿಗೆ ಇಬ್ಬರೂ ಹೋರಾಡುತ್ತ ಮಡಿದಿದ್ದರು. ನರಗುಂದದ ಬಾಬಾಸಾಹೇಬನಿಗೆ ಅದೇ ತಿಂಗಳು ಗಲ್ಲಾಯಿತು. ಲಾವಣಿಗೂ ಕಥೆಗೂ ಇದಕ್ಕಿಂತ ದೊಡ್ಡ ವಸ್ತು ಬೇಡ. ಆದರೆ ಈ ಬಂಡಾಯಗಳಲ್ಲಿ ಒಂದು ಸಮಾನ ಸಂಗತಿಯಿದೆ. ಧೀರನೊಬ್ಬ ಕೋಟೆಯನ್ನು ಹಿಡಿಯುತ್ತಾನೆ. ಅವನು ಬಿದ್ದ ದಿನ ಬಂಡಾಯವೂ ಬೀಳುತ್ತದೆ. ಕೋಟೆಯ ಕೆಳಗಿನ ಹಳ್ಳಿಗಳು ನೋಡುತ್ತಿರುತ್ತವೆ, ಮರುಗುತ್ತವೆ, ಮತ್ತೆ ಬಿತ್ತನೆಗೆ ತೊಡಗುತ್ತವೆ.

ಹೀಗೆ ನೋಡುತ್ತಿದ್ದ ಹಳ್ಳಿ ತಾನೇ ಎದ್ದು ಬಯಲಿಗೆ ಬಂದದ್ದು ಸುಮಾರು ತೊಂಬತ್ತು ವರ್ಷಗಳ ತರುವಾಯ. ಹಾಗೆ ಬರಲು ಅದಕ್ಕೆ ಇಷ್ಟು ಕಾಲ ಏಕೆ ಬೇಕಾಯಿತೆಂಬುದಕ್ಕೆ ಉತ್ತರ ನಿಜಾಮನ ಆಡಳಿತದ ಸ್ವರೂಪದಲ್ಲಿದೆ. ಕೊಪ್ಪಳ, ಯಲಬುರ್ಗಾಗಳು ನೇರವಾಗಿ ನಿಜಾಮನ ಕೈಯಲ್ಲಿಯೂ ಇರಲಿಲ್ಲ. ಅವು ಸಾಲಾರ್‌ಜಂಗ್ ಮನೆತನದ ಜಹಗೀರು. ಹೈದರಾಬಾದಿಗೆ ಪ್ರವಾಸ ಹೋದ ನಮ್ಮವರು ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಗಡಿಯಾರದ ಮುಂದೆ, ಮುಸುಕಿನ ಶಿಲಾಮೂರ್ತಿಯ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಆ ಸಿರಿಯಲ್ಲಿ ಎರೆಹೊಲದ ಜೋಳ ಬೆಳೆದವರ ಕಂದಾಯದ ಪಾಲೂ ಇದೆಯೆಂದು ಯಾರೂ ಅಲ್ಲಿ ಬರೆದಿಟ್ಟಿಲ್ಲ. ಕುಷ್ಟಗಿ ಆಗ ರಾಯಚೂರು ಜಿಲ್ಲೆಯ ಭಾಗ. ಕಚೇರಿಯ ಭಾಷೆ ಉರ್ದು, ನ್ಯಾಯದ ಭಾಷೆ ಉರ್ದು, 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯ ಭಾಷೆಯೂ ಉರ್ದು. ಉರ್ದುವಿನ ಮೇಲೆ ನನಗೆ ಮುನಿಸಿಲ್ಲ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಲು ಸಾಧ್ಯವೆಂದು ತೋರಿಸಿಕೊಟ್ಟ ಕೀರ್ತಿ ಆ ವಿಶ್ವವಿದ್ಯಾಲಯಕ್ಕೆ ಸಲ್ಲಬೇಕು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿಯೂ ಕನ್ನಡದ ಕವಿಯಾದರು. ಆದರೆ ಅರ್ಜಿ ಬರೆಯಲು, ಪಹಣಿ ಓದಲು, ತನ್ನ ಮೇಲಿನ ಆಪಾದನೆಯೇನೆಂದು ತಿಳಿಯಲು ಇನ್ನೊಬ್ಬರ ಬಾಯನ್ನು ನೋಡಬೇಕಾದ ರೈತ ಆಡಳಿತವನ್ನು ಪ್ರಶ್ನಿಸುವುದು ಹೇಗೆ?

ಇದರ ಮೇಲೆ ‘ಗಷ್ತಿ ನಿಶಾನ್ 53’. ಗಷ್ತಿ ಎಂದರೆ ಸುತ್ತೋಲೆ. 1920ರ ದಶಕ ಮುಗಿಯುವ ಹೊತ್ತಿಗೆ ಜಾರಿಗೆ ಬಂದ ಈ 53ನೆಯ ಸುತ್ತೋಲೆಯ ಪ್ರಕಾರ ಸರ್ಕಾರದ ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಮಾತನಾಡಿದ್ದು ತಪ್ಪೋ ಸರಿಯೋ ಎಂಬುದು ಆಮೇಲಿನ ಪ್ರಶ್ನೆ. ಕೂಡುವುದಕ್ಕೇ ಅಪ್ಪಣೆ ಬೇಕು. ಆ ಕಾಲದ ಸಾರ್ವಜನಿಕ ಜೀವನವನ್ನು ಕುರಿತು ಬರೆದವರೆಲ್ಲ ಈ ಅಂಕಿಯನ್ನು ನೆನೆಯದೆ ಬಿಟ್ಟಿಲ್ಲ.

ಇಲ್ಲಿ ಸಾಹಿತ್ಯದ ಓದುಗರಿಗೆ ಹಿತವಾಗುವ ಒಂದು ಮಾತಿದೆ. ರಾಜಕೀಯದ ಬಾಗಿಲು ಮುಚ್ಚಿದ್ದ ಈ ನಾಡಿನಲ್ಲಿ ಜನ ಒಂದೆಡೆ ಸೇರಲು ಉಳಿದಿದ್ದ ಕಿಂಡಿಗಳು ಮೂರು ನಾಲ್ಕೇ: ಜಾತ್ರೆ, ಮಠ, ಖಾಸಗಿ ಕನ್ನಡ ಶಾಲೆ, ಸಾಹಿತ್ಯದ ಸಭೆ. ಕಲಬುರ್ಗಿಯ ನೂತನ ವಿದ್ಯಾಲಯ, ಕುಕನೂರಿನ ವಿದ್ಯಾನಂದ ಗುರುಕುಲದಂಥ ಶಾಲೆಗಳು ಅಕ್ಷರದ ಜೊತೆಗೆ ಕೂಡಿ ಬಾಳುವ ರೂಢಿಯನ್ನೂ ಕಲಿಸಿದವು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಸಮ್ಮೇಳನವೆಂದರೆ ವಿದ್ವಾಂಸರ ಒಂದು ಕೂಟ. ಸಭೆ ಎಂಬುದೇ ಅನುಮಾನದ ವಸ್ತುವಾಗಿದ್ದ ರಾಯಚೂರಿನಲ್ಲಿ ಸಾವಿರಾರು ಕನ್ನಡಿಗರು ಒಂದು ಚಪ್ಪರದಡಿ ಕುಳಿತು, ಅಧ್ಯಕ್ಷರನ್ನು ಆರಿಸಿ, ನಿರ್ಣಯ ಮಂಡಿಸಿ, ಅನುಮೋದಿಸಿ, ಚಪ್ಪಾಳೆ ತಟ್ಟಿ ಎದ್ದುಹೋದರೆ ಅದರ ಅರ್ಥ ಬೇರೆ. ನಿರ್ಣಯ ಭಾಷೆಯನ್ನು ಕುರಿತದ್ದಾದರೂ ನಿರ್ಣಯ ಮಾಡುವ ಕ್ರಮ ಪ್ರಜಾಸತ್ತೆಯದು. ನಮ್ಮ ಸಮ್ಮೇಳನಗಳ ಊಟದ ಸಾಲನ್ನೂ ನೂಕುನುಗ್ಗಲನ್ನೂ ಗೇಲಿ ಮಾಡುವವರು ಇದನ್ನೊಮ್ಮೆ ನೆನೆಯಬೇಕು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮುನ್ನವೇ ನಿಷೇಧಕ್ಕೆ ಒಳಗಾಯಿತು. ಹುಟ್ಟದ ಸಂಸ್ಥೆಯನ್ನು ನಿಷೇಧಿಸಿದ ಸರ್ಕಾರಗಳು ಚರಿತ್ರೆಯಲ್ಲಿ ಹೆಚ್ಚಿರಲಾರವು. ಅಕ್ಟೋಬರ್ 24ರಿಂದ ತಂಡತಂಡವಾಗಿ ಸತ್ಯಾಗ್ರಹಿಗಳು ಬಂಧನಕ್ಕೆ ಒಡ್ಡಿಕೊಂಡರು. ಅದೇ ಚಳಿಗಾಲದಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ವಸತಿಗೃಹದಲ್ಲಿ ‘ವಂದೇ ಮಾತರಂ’ ಹಾಡಿದ್ದಕ್ಕಾಗಿ ಹೊರಹಾಕಲ್ಪಟ್ಟು, ಬಹುಮಂದಿ ನಾಗಪುರಕ್ಕೆ ಹೋಗಿ ಓದನ್ನು ಮುಂದುವರಿಸಿದರು. ನಿಷೇಧ ತೆರವಾದದ್ದು 1946ರ ಜುಲೈಯಲ್ಲಿ. ಅಷ್ಟರಲ್ಲಿ ಯುದ್ಧಕಾಲದ ಲೇವಿ ಬಂದಿತ್ತು: ಬೆಳೆದ ಧಾನ್ಯದಲ್ಲಿ ಇಷ್ಟನ್ನು ಸರ್ಕಾರ ಹೇಳಿದ ಬೆಲೆಗೆ ಅಳೆಯಲೇಬೇಕು. ಸುತ್ತೋಲೆ ಓದುಬಲ್ಲವರನ್ನು ಕಾಡಿತ್ತು. ಲೇವಿ ಕಣದವರೆಗೆ ಬಂದು ಎಲ್ಲರನ್ನೂ ಕಾಡಿತು. ಚಳವಳಿ ಪಟ್ಟಣದಿಂದ ಹಳ್ಳಿಗೆ ಇಳಿದದ್ದು ಈ ದಾರಿಯಿಂದಲೇ ಎಂದು ನನ್ನ ಎಣಿಕೆ.

1947ರ ಜೂನ್ 11ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಭಾರತವನ್ನು ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದ. ಒಂದೇ ವಾರದಲ್ಲಿ ಹೈದರಾಬಾದಿನ ಮುಷೀರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಅಧ್ಯಕ್ಷರು ಸ್ವಾಮಿ ರಾಮಾನಂದ ತೀರ್ಥರು. ಸಿಂದಗಿಯಲ್ಲಿ ಹುಟ್ಟಿದ ಈ ಸಂನ್ಯಾಸಿ ಮರಾಠಿ, ಕನ್ನಡ, ತೆಲುಗು ಮೂರೂ ಸೀಮೆಗಳವರಿಗೆ ಬೇಕಾದವರು. ಆಗಸ್ಟ್ 7ರಂದು ಸಂಸ್ಥಾನದಾದ್ಯಂತ ಭಾರತ ಸೇರ್ಪಡೆಯ ದಿನವನ್ನು ಆಚರಿಸಬೇಕೆಂಬ ಕರೆ ಹೊರಟಿತು. ಆಗಸ್ಟ್ 15ರಂದು ಸ್ವಾಮೀಜಿ ಧ್ವಜವೇರಿಸಿ ಸೆರೆಮನೆ ಸೇರಿದರು.

ಆ ಆಗಸ್ಟ್ 15ನ್ನು ನಮ್ಮ ಗಡಿಯಲ್ಲಿ ನಿಂತು ಊಹಿಸಿಕೊಳ್ಳಬೇಕು. ಕುಷ್ಟಗಿಯಿಂದ ಪಡುವಣಕ್ಕೆ ನಡೆದರೆ ಗಜೇಂದ್ರಗಡ. ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಕೊಪ್ಪಳದಿಂದ ಅದೇ ದಿಕ್ಕಿಗೆ ನಡೆದರೆ ಮುಂಡರಗಿ; ಅದೂ ಧಾರವಾಡ ಜಿಲ್ಲೆಯೇ. ನಡುವೆ ಹೊಳೆಯಿಲ್ಲ, ಬೆಟ್ಟದ ಅಡ್ಡಗೋಡೆಯಿಲ್ಲ. ಎರಡೂ ಕಡೆ ಅದೇ ಎರೆಮಣ್ಣು, ಅದೇ ಜೋಳದ ರೊಟ್ಟಿ, ಅದೇ ಬೀಗರು. ಒಂದು ಕಡೆ ಊರೂರಿಗೆ ಧ್ವಜವೇರಿ ಪೇಡೆ ಹಂಚಿದರು. ಇನ್ನೊಂದು ಕಡೆ ಅದೇ ಬಟ್ಟೆಯನ್ನು ಕೋಲಿಗೆ ಕಟ್ಟಿದವನಿಗೆ ಸೆರೆ. ಅಕ್ಕನ ಊರಿಗೆ ಬಂದ ಸ್ವಾತಂತ್ರ್ಯ ತಂಗಿಯ ಊರಿಗೆ ಬಾರದೆ ಉಳಿಯಿತು. ಹೊಲದ ಬದುವೊಂದನ್ನು ದಾಟಿದರೆ ಪ್ರಜೆ, ದಾಟದಿದ್ದರೆ ರಯ್ಯತ.

ಹಾಗೆ ದಾಟಿದವರು ಕಟ್ಟಿದ್ದೇ ಗಡಿಶಿಬಿರಗಳು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳುಗಳಾದರು. ಸಂಸ್ಥಾನದ ಗಡಿಯುದ್ದಕ್ಕೂ ಇಂಥ ಶಿಬಿರಗಳಿದ್ದವು. ಅಲ್ಲಿ ಸೇರಿದವರಲ್ಲಿ ಶಾಲೆ ಬಿಟ್ಟ ಹುಡುಗರಿದ್ದರು, ಒಕ್ಕಲಿಗರಿದ್ದರು, ಮಾಸ್ತರರಿದ್ದರು. ಮೊದಲಿಗೆ ಅವರು ಮಾಡಿದ್ದು ಸತ್ಯಾಗ್ರಹದ ಕೆಲಸ: ಪ್ರಭಾತಫೇರಿ, ಧ್ವಜವಂದನೆ, ಲೇವಿ ಕೊಡಬೇಡಿರೆಂಬ ಪ್ರಚಾರ, ಅಬಕಾರಿಯ ವರಮಾನಕ್ಕೆ ಪೆಟ್ಟು ಕೊಡಲು ಸಿಂದಿಯ ಗಿಡ ಕಡಿಯುವುದು. ಗಿಡ ಕಡಿಯುವ ಚಳವಳಿಯನ್ನು ಈಗ ಯಾರೂ ಮೆಚ್ಚಲಾರರು. ಆದರೆ ಸರ್ಕಾರದ ಬೊಕ್ಕಸ ಎಲ್ಲಿಂದ ತುಂಬುತ್ತದೆಂದು ಹಳ್ಳಿಯವನು ಲೆಕ್ಕ ಹಾಕಿ ನೋಡಿದ್ದು ಅದೇ ಮೊದಲ ಸಲವಿರಬೇಕು.

ಮುಂದೆ ಕಾಸಿಂ ರಜವಿಯ ರಜಾಕಾರರ ಹಾವಳಿ ಹಳ್ಳಿಗಳನ್ನು ಮುತ್ತಿತು. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದಿಂದ ದೆಹಲಿಗೂ ಹೈದರಾಬಾದಿಗೂ ಉಸಿರಾಡಲು ಒಂದು ವರ್ಷದ ಗಡುವು ಸಿಕ್ಕಿರಬಹುದು; ಹಳ್ಳಿಗಳಿಗೆ ಸಿಗಲಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರ್ಟಾದಲ್ಲಿ ನಡೆದ ಕೊಲೆಗಳ ಸುದ್ದಿ ಎಲ್ಲೆಡೆ ಹಬ್ಬಿತು. ಶಿಬಿರಗಳು ಬಂದೂಕು ಹಿಡಿದವು. ಕರೋಡಗಿರಿ ನಾಕೆಗಳೂ, ಅಂದರೆ ಸುಂಕದ ಕಟ್ಟೆಗಳೂ, ಪೊಲೀಸು ಠಾಣ್ಯಗಳೂ ದಾಳಿಗೆ ಒಳಗಾದವು. ಗೌಡ ಕುಲಕರ್ಣಿಗಳ ದಫ್ತರಗಳು ಬೂದಿಯಾದವು. ಗಡಿಯ ಹಲವು ಹಳ್ಳಿಗಳು ತಾವು ಸ್ವತಂತ್ರವೆಂದು ಸಾರಿಕೊಂಡು ಶಿಬಿರದವರ ಆಡಳಿತವನ್ನು ಒಪ್ಪಿದವು. ಈ ಘಟ್ಟವನ್ನು ಬರೀ ಅಹಿಂಸೆಯ ಕಥೆಯಾಗಿ ಹೇಳುವ ಭಾಷಣಗಳನ್ನು ನಾನು ಕೇಳಿದ್ದೇನೆ. ಬರೀ ಶೌರ್ಯದ ಕಥೆಯಾಗಿ ಹೇಳುವುದನ್ನೂ ಕೇಳಿದ್ದೇನೆ. ಎರಡರಲ್ಲಿಯೂ ಅರ್ಧ ಬಿಟ್ಟುಹೋಗುತ್ತದೆ. ಬಯಲಿನ ಸಭೆಗೆ ಎಡೆಯಿಲ್ಲದಾಗ ಜನ ಮತ್ತೆ ಕೋಟೆಯ ಕಾಲದ ಆಯುಧಕ್ಕೆ ಕೈಹಾಕಿದರು ಎಂಬುದೇ ನನ್ನ ತಿಳಿವಳಿಕೆ. ಸಭೆಯನ್ನು ನಿಷೇಧಿಸಿದ ಸುತ್ತೋಲೆಗೂ ಠಾಣ್ಯಕ್ಕೆ ಹತ್ತಿದ ಬೆಂಕಿಗೂ ನಂಟಿದೆ.

ಇದನ್ನು ಹಿಂದೂ ಮುಸ್ಲಿಮರ ಜಗಳವೆಂದು ಹೇಳುವವರಿಗೆ ಶೋಯಬುಲ್ಲಾ ಖಾನನ ಹೆಸರನ್ನು ನೆನಪಿಸಬೇಕು. ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಈ ತರುಣ ಸಂಪಾದಕ, ಸಂಸ್ಥಾನ ಭಾರತವನ್ನು ಸೇರಬೇಕೆಂದೂ ರಜಾಕಾರರ ಹಾವಳಿ ನಿಲ್ಲಬೇಕೆಂದೂ ಬರೆದ. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಮನೆಗೆ ಮರಳುವ ಹಾದಿಯಲ್ಲಿ ಅವನನ್ನು ಕೊಂದರು. ಅವನಿಗೆ ಶಿಬಿರವಿರಲಿಲ್ಲ, ಬಂದೂಕಿರಲಿಲ್ಲ, ಗಡಿಯಾಚೆಯ ಆಸರೆಯಿರಲಿಲ್ಲ. ಇಡೀ ಹೋರಾಟದಲ್ಲಿ ಅವನಷ್ಟು ಒಬ್ಬಂಟಿಯಾಗಿ ನಿಂತವರು ವಿರಳ.

ಸೆಪ್ಟೆಂಬರ್ 13ರಂದು ಭಾರತ ಸೇನೆ ಒಳಬಂತು. 17ರಂದು ನಿಜಾಮ ಶರಣಾದ. ಇಲ್ಲಿಗೆ ಕಥೆ ಮುಗಿಸುವುದು ನಮ್ಮ ಪಠ್ಯಪುಸ್ತಕಗಳ ರೀತಿ. ಆದರೆ ಆ ಬಳಿಕದ ವಾರಗಳಲ್ಲಿ ಸಂಸ್ಥಾನದ ಹಲವೆಡೆ ರಜಾಕಾರರ ಸೇಡು ನಿರಪರಾಧಿ ಮುಸ್ಲಿಮರ ಮೇಲೆ ತಿರುಗಿತು. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲರ ನಿಯೋಗ ಆ ವರ್ಷದ ಕೊನೆಯಲ್ಲಿ ಊರೂರು ತಿರುಗಿ ನೋಡಿ, ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜಿಸಿತು. ಉಸ್ಮಾನಾಬಾದ್, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಅತಿ ಹೆಚ್ಚು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಜನಶಕ್ತಿಯ ಗುಣಗಾನ ಮಾಡುವ ಯಾರೇ ಆಗಲಿ ಈ ಪುಟವನ್ನು ಮಗುಚಿ ಮುಂದೆ ಹೋಗುವಂತಿಲ್ಲ. ಸೇರಿದ ಜನವೆಲ್ಲ ಪ್ರಜೆಗಳಲ್ಲ. ಜನ ಗುಂಪೂ ಆಗಬಲ್ಲರು. ಎರಡಕ್ಕೂ ಇರುವ ಅಂತರವೇನು? ಅದೇ ವರದಿಯಲ್ಲಿ ಒಂದು ಸಣ್ಣ ಉಲ್ಲೇಖವಿದೆ: ಮುಸ್ಲಿಂ ನೇಕಾರರ ಮೇಲೆ ಹಿಂದೂಗಳ ಗುಂಪು ಬಿದ್ದಾಗ ಹಿಂದೂ ನೇಕಾರರು ಅಡ್ಡನಿಂತು, ತಾವೂ ಪೆಟ್ಟು ತಿಂದು, ಅವರನ್ನು ಉಳಿಸಿಕೊಂಡರಂತೆ. ಮಗ್ಗದ ಪಕ್ಕ ಮಗ್ಗವಿಟ್ಟು ಬದುಕಿದವರಿಗೆ ನೆರೆಯವನ ಮುಖ ಗುರುತಿರುತ್ತದೆ. ಗುಂಪಿನಲ್ಲಿ ಯಾರಿಗೂ ಯಾರ ಮುಖವೂ ಗುರುತಿರುವುದಿಲ್ಲ.

ನಾನು ನಂಬಿಕೆಯನ್ನು ಕಾಣುವುದು ಆಮೇಲಿನ ನಾಲ್ಕು ವರ್ಷಗಳಲ್ಲಿ. 1949ರಲ್ಲಿ ಜಹಗೀರುಗಳು ರದ್ದಾದವು. ಕೊಪ್ಪಳ, ಯಲಬುರ್ಗಾದ ರೈತ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವವನಾದ. ಅದೇ ವರ್ಷ ಕಲಬುರ್ಗಿಯಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ ಸೇರಿತು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದರ 19ನೆಯ ವಿಧಿ ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಪ್ರತಿ ಪೌರನಿಗೂ ಕೊಟ್ಟಿತು. ಕಾನೂನಿನ ವಿದ್ಯಾರ್ಥಿಗಳಿಗೆ ಅದೊಂದು ಉಪವಿಧಿ. 53ನೆಯ ಗಷ್ತಿಯ ನೆರಳಿನಲ್ಲಿ ಬೆಳೆದವರಿಗೆ ಅದು ಇಪ್ಪತ್ತು ವರ್ಷದ ಬೀಗಕ್ಕೆ ಸಿಕ್ಕ ಕೀಲಿ. ವಿನೋದವೆಂದರೆ ಅದೇ ದಿನದಿಂದ ನಿಜಾಮನೇ ಹೈದರಾಬಾದಿನ ರಾಜಪ್ರಮುಖನಾದ. ಸಭೆ ಸೇರಬಾರದೆಂದವನ ಹೆಸರಿನಲ್ಲೇ ಮತದಾನದ ಸಿದ್ಧತೆ ನಡೆಯಿತು.

1952ರ ಮೊದಲ ಮಹಾಚುನಾವಣೆ. ಲೋಕಸಭೆಯ ಕ್ಷೇತ್ರಗಳ ಪಟ್ಟಿಯಲ್ಲಿ ಕುಷ್ಟಗಿ ಎಂಬ ಹೆಸರಿತ್ತು ಎಂದರೆ ಈಗಿನ ಎಳೆಯರು ನಂಬಲಾರರು. ಹೈದರಾಬಾದ್ ರಾಜ್ಯದ ಕುಷ್ಟಗಿ ಲೋಕಸಭಾ ಕ್ಷೇತ್ರ! ತಾವರಗೇರಾದ ಒಕ್ಕಲು ಮಗ, ಅವನ ಹೆಂಡತಿ, ಅವನ ಹೊಲದ ಆಳು, ಮೂವರಿಗೂ ಒಂದೊಂದೇ ಮತ, ಒಂದೇ ತೂಕದ ಮತ. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ. ಅಕ್ಷರ ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕಿದರು. ಗೆದ್ದವರು ಮುಂಡರಗಿ ಶಿಬಿರದ ಶಿವಮೂರ್ತಿಸ್ವಾಮಿಗಳು, ಅದೂ ಪಕ್ಷೇತರರಾಗಿ. ನಾಡಿಗೆ ಸ್ವಾತಂತ್ರ್ಯ ತಂದ ಪಕ್ಷವೆಂಬ ಹೆಗ್ಗಳಿಕೆ ಆಗ ಕಾಂಗ್ರೆಸ್ಸಿನದು; ದೆಹಲಿಯಲ್ಲಿಯೂ ಹೈದರಾಬಾದಿನಲ್ಲಿಯೂ ಅದೇ ಗೆದ್ದಿತು. ಈ ಸೀಮೆಯ ಮತದಾರ ಮಾತ್ರ ಪಕ್ಷದ ಹೆಸರನ್ನು ಬದಿಗಿಟ್ಟು ತಾನು ಕಂಡ ಮನುಷ್ಯನನ್ನು ಆರಿಸಿದ. ಮುಂದೆ 1957ರಲ್ಲಿ ಕ್ಷೇತ್ರದ ಹೆಸರು ಕೊಪ್ಪಳವಾಯಿತು, ಅದು ಕಾಂಗ್ರೆಸ್ಸಿಗೆ ಹೋಯಿತು. 1962ರಲ್ಲಿ ಲೋಕಸೇವಕ ಸಂಘದ ಹೆಸರಿನಲ್ಲಿ ಸ್ವಾಮಿಗಳು ಅದನ್ನು ಮರಳಿ ಪಡೆದರು. ನಾಲ್ಕು ವರ್ಷಗಳ ಹಿಂದೆ ಗಡಿಯಲ್ಲಿ ಬಂದೂಕಿನ ಸದ್ದು ಕೇಳಿದ್ದ ಸೀಮೆಯಲ್ಲಿ ಅಧಿಕಾರ ಹೀಗೆ ಕಾಗದದ ಚೀಟಿಯಿಂದ ಬರುವುದೂ ಹೋಗುವುದೂ ನಡೆಯಿತು. ಯಾರೂ ಯಾವ ಕೋಟೆಯನ್ನೂ ಹಿಡಿಯಲಿಲ್ಲ. ಬಯಲಿನ ಸಭೆಗೆ ಬಂದು ಅಭ್ಯಾಸವಾದವರಿಗೆ ಮತಗಟ್ಟೆಯ ಸಾಲು ಹೊಸದೆನಿಸಲಿಲ್ಲ ಎಂದು ನಾನು ತಿಳಿದಿದ್ದೇನೆ.

ಏಕೀಕರಣದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ. 1953ರಲ್ಲಿ ಅದರಗುಂಚಿ ಶಂಕರಗೌಡರ ಉಪವಾಸ, ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ನಾಯಕರ ಮುಂದೆಯೇ ಕೆರಳಿ ನಿಂತ ಜನ, 1956ರ ನವೆಂಬರ್ 1ರಂದು ಹೊಸ ರಾಜ್ಯ. ತಮ್ಮ ಪಕ್ಷದ ಹಿರಿಯರನ್ನೇ ಜನ ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದು ಅಲ್ಲಿಯ ಹೊಸತನ.

1980ರ ಜುಲೈ 21 ನನ್ನ ತಲೆಮಾರಿನವರ ದಿನ. ನಾನಾಗ ಧಾರವಾಡದಲ್ಲಿ ಓದುತ್ತಿದ್ದೆ. ಮಲಪ್ರಭೆಯ ಕಾಲುವೆಯ ನೀರು ಸರಿಯಾಗಿ ಹೊಲಕ್ಕೆ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕೆಂಬ ಒತ್ತಾಯದ ವಿರುದ್ಧ ನರಗುಂದ, ನವಲಗುಂದಗಳ ರೈತರು ಎದ್ದಿದ್ದರು. ಆ ದಿನ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ನರಗುಂದದಲ್ಲಿ ಕೆರಳಿದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ವಸತಿಗೃಹದಲ್ಲಿ ನಮ್ಮ ವಾದ ಬೆಳಗಿನವರೆಗೆ ನಡೆಯಿತು. ನರಗುಂದದ ಕಡೆಯ ಹುಡುಗನೊಬ್ಬ ಮಾತ್ರ ಬಾಯಿ ಬಿಡಲಿಲ್ಲ. ಅವನಿಗೆ ಎರಡೂ ಕಡೆ ಗುರುತಿನವರಿದ್ದರು. ಮುಂದಿನ ದಿನಗಳಲ್ಲಿ ಚಳವಳಿ ನಾಡೆಲ್ಲ ಹಬ್ಬಿತು, ಸರ್ಕಾರ ಕರವನ್ನು ಕೈಬಿಡಬೇಕಾಯಿತು, ರಾಜ್ಯ ರೈತ ಸಂಘ ಹುಟ್ಟಿತು. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು; ಗೋಕಾಕ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಆದರೆ ಬೀದಿಯಲ್ಲಿ ಎದ್ದ ಪ್ರಶ್ನೆ ಮತಪೆಟ್ಟಿಗೆಯಲ್ಲಿ ಉತ್ತರ ಕಂಡಿತು. ಪೆಟ್ಟಿಗೆ ಇದ್ದದ್ದರಿಂದಲೇ ಬೀದಿ ಮತ್ತೆ ರಣರಂಗವಾಗಲಿಲ್ಲ. ಹಾಗೆಯೇ, ಬೀದಿಯ ದನಿ ಇಲ್ಲದಿದ್ದರೆ ಆ ಪೆಟ್ಟಿಗೆಯಲ್ಲಿ ಹಳೆಯ ಚೀಟಿಗಳೇ ಬೀಳುತ್ತಿದ್ದವು.

ಸಭೆ ಸೇರುವ ಹಕ್ಕಿಗೆ ಮಿತಿಗಳಿವೆ, ಇರಬೇಕಾದದ್ದೇ. ಆದರೆ ಮಿತಿಗಳು ಬೆಳೆಯುವ ರೀತಿಯನ್ನು ಗಮನಿಸುತ್ತಿರಬೇಕು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳಿಗೂ ಗೊತ್ತಿದ್ದ ‘144ನೆಯ ಕಲಮು’ 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 163 ಆಗಿದೆ. ಅಂಕಿ ಬದಲಾಯಿತು, ಅಧಿಕಾರ ಬದಲಾಗಿಲ್ಲ. ಬೆಂಗಳೂರಿನಲ್ಲಿ 2021ರ ಆದೇಶವೊಂದು ಪ್ರತಿಭಟನೆಗಳನ್ನೆಲ್ಲ ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿತು. ಆ ಉದ್ಯಾನ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲಿ ಸೆರೆಯಿದ್ದರು. ಕಲಾವಿದೆ ಸ್ನೇಹಲತಾ ರೆಡ್ಡಿ ಅಲ್ಲಿಂದ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಪ್ರತಿಭಟನೆ ಮಾಡಿದವರನ್ನು ಕೂಡಿಹಾಕಿದ್ದ ಜಾಗವೇ ಈಗ ಪ್ರತಿಭಟನೆಗೆ ಗೊತ್ತುಮಾಡಿದ ಜಾಗ. ವಾಹನಗಳ ಓಡಾಟಕ್ಕೆ ಅಡ್ಡಿಯಾಗಬಾರದೆಂಬ ಕಾರಣ ಒಪ್ಪತಕ್ಕದ್ದೇ ಇರಬಹುದು. ಆದರೆ ಯಾರ ಕಿವಿಗೂ ಬೀಳದ ಕಡೆ ಕೂಗಲು ಕೊಡುವ ಅಪ್ಪಣೆಗೂ ಗಷ್ತಿ 53ಕ್ಕೂ ಎಷ್ಟು ದೂರ ಎಂಬ ಪ್ರಶ್ನೆ ನನ್ನಂಥವನಿಗೆ ಬಾರದೆ ಇರದು.

ನಮ್ಮ ಸೀಮೆಗೇ ಮರಳುತ್ತೇನೆ. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಪಟ್ಟಣದ ಮಗ್ಗುಲಲ್ಲೇ ಬೃಹತ್ ಉಕ್ಕಿನ ಕಾರ್ಖಾನೆಯೊಂದು ಬೆಳೆಯಲಿರುವ ಸುದ್ದಿ ಕೇಳಿ, ಹೊಗೆ ದೂಳುಗಳಿಂದ ಆಗಲೇ ಬಳಲಿದ್ದ ಜನ ಮೆರವಣಿಗೆ ಹೊರಟರು. ಗವಿಮಠದ ಸ್ವಾಮಿಗಳು ಜೊತೆಯಲ್ಲಿ ನಡೆದರು. ಜನರ ಆರೋಗ್ಯದ ಮಾತೆತ್ತಿ ಅವರು ಕಣ್ಣೀರಿಟ್ಟರು. ಬೇರೆ ಬೇರೆ ಪಕ್ಷಗಳವರು, ವ್ಯಾಪಾರಿಗಳು, ವಕೀಲರು, ವಿದ್ಯಾರ್ಥಿಗಳು ಒಂದೇ ಮೈದಾನದಲ್ಲಿ ನಿಂತರು. ಕಾರ್ಖಾನೆಯಿಂದ ಕೆಲಸ ಸಿಗುತ್ತದೆಂದು ನಂಬಿ ಭೂಮಿ ಕೊಟ್ಟವರೂ ಇದೇ ಸೀಮೆಯಲ್ಲಿದ್ದಾರೆ, ಅವರ ಮಾತಿಗೂ ಬೆಲೆಯಿದೆ. ಅವರೂ ತಮ್ಮ ಬೇಡಿಕೆ ಹಿಡಿದು ಬೀದಿಗೆ ಬಂದಿದ್ದಾರೆ. ಒಂದೇ ಊರಿನಲ್ಲಿ ಎರಡು ದನಿಗಳು ಹೀಗೆ ಬಹಿರಂಗವಾಗಿ ಎದುರಾಗುವುದನ್ನು ಕೆಲವರು ಒಡಕೆನ್ನುತ್ತಾರೆ. ಒಂದೇ ದನಿಗೆ ಅಪ್ಪಣೆಯಿದ್ದ ಕಾಲವನ್ನು ಓದಿ ಬಲ್ಲ ನನಗೆ ಹಾಗೆನಿಸುವುದಿಲ್ಲ.

ಬಂದ್ ಆದ ಕೆಲವು ದಿನಗಳಿಗೆ ಎಲ್ಲ ಪಕ್ಷಗಳವರೂ ಕೂಡಿ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಗಳನ್ನು ಕಂಡರು. ಕಾಮಗಾರಿಯನ್ನು ನಿಲ್ಲಿಸುವಂತೆ ಸೂಚನೆ ಹೊರಟಿತು. ವಿವಾದ ಅಲ್ಲಿಗೆ ಮುಗಿಯಲಿಲ್ಲ. ಸೂಚನೆಯ ಅರ್ಥವೇನೆಂಬುದರ ಮೇಲೆಯೇ ಮತ್ತೆ ಮಾತು ಬೆಳೆಯಿತು, ಜನ ಮತ್ತೆ ಧರಣಿಗೆ ಕುಳಿತರು.